ಮಗಳು ಶುಗರ್ ಎಷ್ಟೆಂದು ಹೇಳುತ್ತಿಲ್ಲ: ಮಕ್ಕಳೊಂದಿಗೆ ಮಧುಮೇಹದ ಬಗ್ಗೆ ಹೇಗೆ ಮಾತನಾಡಬೇಕು?

ಪ್ರಶ್ನೆ

ನಮ್ಮ 13 ವರ್ಷದ ಮಗಳಿಗೆ ಟೈಪ್ 1 ಮಧುಮೇಹವಿದೆ. ಚಿಕ್ಕವಳಿದ್ದಾಗ ತಾನೇ ಬೆರಳು ಮುಂದೆ ಚಾಚುತ್ತಿದ್ದವಳು ಈಗ "ಶುಗರ್ ಎಷ್ಟಿದೆ?" ಎಂದರೆ ಸಾಕು, ಮುಖ ತಿರುಗಿಸುತ್ತಾಳೆ. ಶುಗರ್ ಬರೆದಿಡುವ ಪುಸ್ತಕದಲ್ಲಿ 120 ಎಂದು ಬರೆದಿದ್ದ ಹೊತ್ತಿಗೆ ಗ್ಲುಕೋಮೀಟರಿನ ಮೆಮೊರಿಯಲ್ಲಿ ಇದ್ದದ್ದು 286. ಗದರಿಸಲು ಮನಸ್ಸಿಲ್ಲ, ಸುಮ್ಮನಿರಲು ಧೈರ್ಯವಿಲ್ಲ. ಇದರ ನಡುವೆ 6 ವರ್ಷದ ಮಗ, "ಅಕ್ಕ ಸಿಹಿ ತಿಂದದ್ದಕ್ಕೆ ಹೀಗಾಯಿತಾ?" ಎಂದು ಕೇಳುತ್ತಾನೆ. ಇಬ್ಬರಿಗೂ ಏನು ಹೇಳಬೇಕು?

ಉತ್ತರ 1 (ಮಕ್ಕಳ ಮಧುಮೇಹ ವಿಭಾಗದ ಶುಶ್ರೂಷಕಿ)

ಮಗನಿಗೆ ಕೊಡುವ ಉತ್ತರವನ್ನು ಅಕ್ಕನ ಎದುರಿನಲ್ಲಿಯೇ ಕೊಡಿ. ಸಿಹಿ ತಿಂದದ್ದರಿಂದ ಇದು ಬಂದಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿದೆ, ಇದು ಅಂಟುರೋಗವೂ ಅಲ್ಲ. ತಮ್ಮದೇ ತಪ್ಪೆಂದು ಒಳಗೊಳಗೇ ನಂಬಿಕೊಂಡು, ಬಾಯಿಬಿಟ್ಟು ಕೇಳದಿರುವ ಮಕ್ಕಳು ಅನೇಕರಿದ್ದಾರೆ.

ಮಗಳಿಗೆ ತಿಳಿಯಬೇಕಾದದ್ದು ಇನ್ನೊಂದಿದೆ. ಪ್ರಾಯಕ್ಕೆ ಬರುವ ಕಾಲದ ಹಾರ್ಮೋನುಗಳು ಇನ್ಸುಲಿನ್‌ನ ಪರಿಣಾಮವನ್ನು ಕುಗ್ಗಿಸುವುದರಿಂದ, ಹಿಂದಿನ ಡೋಸನ್ನೇ ಒಂದೂ ತಪ್ಪದೆ ತೆಗೆದುಕೊಂಡರೂ ಸಕ್ಕರೆಯ ಮಟ್ಟ ಏರಬಹುದು. 286 ಕಂಡಾಗ "ಏನು ತಿಂದೆ?" ಎನ್ನದೆ "ಈಗ ಏನು ಮಾಡೋಣ?" ಎಂದು ಕೇಳಿದರೆ, ಮುಂದಿನ ಸಲ ನಿಜವನ್ನೇ ಬರೆಯಲು ಅವಳಿಗೆ ಅಂಜಿಕೆ ಇರುವುದಿಲ್ಲ. ಮಟ್ಟ ಇಳಿಯದೆ ವಾಂತಿ, ಹೊಟ್ಟೆನೋವು ಕಾಣಿಸಿಕೊಂಡರೆ ಮಾತ್ರ ಚರ್ಚೆ ಬೇಡ. ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರಿಕೊಳ್ಳುವ ಆಮ್ಲೀಯ ವಸ್ತು) ಪರೀಕ್ಷಿಸಿ, ತಕ್ಷಣ ವೈದ್ಯರಲ್ಲಿಗೆ ಹೋಗಿ.

ಉತ್ತರ 2 (ಬಾಲ್ಯದಿಂದ ಟೈಪ್ 1 ಇರುವವರು)

ಶಾಲೆಯಿಂದ ಬಂದವಳ ಕಿವಿಗೆ ಬೀಳುವ ಮೊದಲ ಪ್ರಶ್ನೆ ಶುಗರಿನದ್ದಾಗಿದ್ದರೆ, ಮನೆಯವರಿಗೆ ಬೇಕಾಗಿರುವುದು ನಾನಲ್ಲ, ನನ್ನ ಸಂಖ್ಯೆ ಎಂದು ಅನ್ನಿಸುತ್ತದೆ. ದಿನಕ್ಕೆ ಎರಡು ಹೊತ್ತು ಜೊತೆಯಲ್ಲಿ ಕುಳಿತು ನೋಡುವುದು, ಉಳಿದ ಸಮಯದಲ್ಲಿ ವಿನಾಕಾರಣ ಕೇಳದಿರುವುದು ಎಂಬ ಒಪ್ಪಂದ ನಮ್ಮಲ್ಲಿ ಕೆಲಸಕ್ಕೆ ಬಂತು. ಒಂದು ವಿನಾಯಿತಿ ಇತ್ತು: ಕಾರಣವಿಲ್ಲದ ಸಿಡಿಮಿಡಿ, ನಡುಕ, ಬೆವರು ಶುಗರ್ ಇಳಿದದ್ದರ ಲಕ್ಷಣವಾಗಿರಬಹುದು, ಆದ್ದರಿಂದ ಜಗಳಕ್ಕೆ ಮೊದಲು ಪರೀಕ್ಷೆ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲುಕೋಸ್, 15 ನಿಮಿಷದ ನಂತರ ಮತ್ತೆ ಪರೀಕ್ಷೆ. (ಎಷ್ಟೋ ಜಗಳಗಳು ಗ್ಲುಕೋಸಿನಲ್ಲಿಯೇ ಮುಗಿದವು.)

ಉತ್ತರ 3

13 ವರ್ಷವೆಂದರೆ ದೊಡ್ಡವಳೇ. ಪೂರ್ತಿ ಜವಾಬ್ದಾರಿಯನ್ನು ಅವಳಿಗೇ ಬಿಟ್ಟುಬಿಡಿ, ತಾನಾಗಿ ಕಲಿಯುತ್ತಾಳೆ.

ಉತ್ತರ 1ರವರ ಪ್ರತಿಕ್ರಿಯೆ

ಇದನ್ನು ನಾನು ಒಪ್ಪುವುದಿಲ್ಲ. ಇನ್ಸುಲಿನ್ ಪೆನ್ ಹಿಡಿಯಲು ಬರುವುದು ಬೇರೆ, ಊಟದ ಪ್ರಮಾಣ, ಆಟ, ಶಾಲೆಯ ಪರೀಕ್ಷೆಯ ಒತ್ತಡ ಎಲ್ಲವನ್ನೂ ದಿನವೂ ಲೆಕ್ಕ ಹಾಕುವ ಹೊರೆಯನ್ನು ಒಬ್ಬಳೇ ಹೊರುವುದು ಬೇರೆ. ಅವಳೇ ಆರಿಸಿಕೊಂಡ ಒಂದು ಕೆಲಸವನ್ನು, ಉದಾಹರಣೆಗೆ ಬೆಳಗಿನ ಡೋಸನ್ನು, ಮೊದಲು ಅವಳಿಗೆ ಒಪ್ಪಿಸಿ, ಪಕ್ಕದಲ್ಲಿ ನೀವಿರಿ. ಮುಂದಿನ ಭೇಟಿಯಲ್ಲಿ ವೈದ್ಯರೊಂದಿಗೆ ಸ್ವಲ್ಪ ಹೊತ್ತು ಒಬ್ಬಳೇ ಮಾತನಾಡಲು ಅವಕಾಶ ಕೊಡಿ. ತೂಕ ಹೆಚ್ಚುತ್ತದೆಂಬ ಚಿಂತೆಯಿಂದ ಇನ್ಸುಲಿನ್ ತೆಗೆದುಕೊಳ್ಳದೆ ಬಿಡುವಂತಹ ಸಂಗತಿಗಳನ್ನು ಈ ವಯಸ್ಸಿನವರು ತಂದೆತಾಯಿಯ ಎದುರು ಹೇಳಿಕೊಳ್ಳುವುದು ಅಪರೂಪ.