ಸಹಾಯ ಬೇಕು: ಒತ್ತಾಯವೆನಿಸದಂತೆ ಮನೆಯಿಂದಲೇ ಮಾರಾಟ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆಯಿಂದಲೇ ಒಂದು ನೇರ ಮಾರಾಟ ಕಂಪನಿಯ (ಅಂಗಡಿಗಳ ಬದಲು ನನ್ನಂಥವರ ಮೂಲಕ ಗ್ರಾಹಕರಿಗೆ ಮಾರುವ ಕಂಪನಿ) ಅಡುಗೆಮನೆ ಡಬ್ಬಿಗಳನ್ನು ಮಾರುತ್ತಿದ್ದೇನೆ. ಮಳೆಗಾಲದಲ್ಲೂ ಅವುಗಳಲ್ಲಿಟ್ಟ ಚಕ್ಕುಲಿ ಮೆತ್ತಗಾಗದಿರುವುದನ್ನು ನಾನೇ ನೋಡಿರುವುದರಿಂದ ವಸ್ತುವಿನ ಬಗ್ಗೆ ನನಗೆ ಅನುಮಾನವಿಲ್ಲ. ತೊಡಕಿರುವುದು ಅದನ್ನು ಹೇಳುವ ಬಗೆಯಲ್ಲಿ. ಅರಿಶಿನ-ಕುಂಕುಮಕ್ಕೆಂದು ಹೋದ ಮನೆಯಲ್ಲಿ ಮಾತು ಡಬ್ಬಿಯ ಕಡೆ ಹೊರಳಿದೊಡನೆ, ಅಲ್ಲಿಯವರೆಗೆ ನಗುನಗುತ್ತಾ ಮಾತನಾಡುತ್ತಿದ್ದವರು ‘ಆಮೇಲೆ ನೋಡೋಣ ಅಕ್ಕ’ ಎಂದು ಎದ್ದು ಒಳಗೆ ಹೋಗುತ್ತಾರೆ.

ನೇರ ಮಾರಾಟಕ್ಕೆ ಸಂಬಂಧಿಸಿದ 2021ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಗುರುತಿನ ಚೀಟಿಯಿಲ್ಲದೆ ಮತ್ತು ಮುಂಚಿತವಾಗಿ ಸಮಯವನ್ನೋ ಒಪ್ಪಿಗೆಯನ್ನೋ ಪಡೆಯದೆ ಮಾರಾಟಗಾರರು ಗ್ರಾಹಕರ ಮನೆಗೆ ಹೋಗುವಂತಿಲ್ಲ. ನಿಯಮ ಸರಿಯಾಗಿಯೇ ಇದೆ; ಆದರೆ ಪರಿಚಿತರಲ್ಲಿ ಆ ಒಪ್ಪಿಗೆ ಕೇಳುವುದೇ ದಾಕ್ಷಿಣ್ಯಕ್ಕೆ ಸಿಲುಕಿಸಿದಂತಾಗುತ್ತದೆ.

ಅನುಭವವುಳ್ಳವರು ದಯವಿಟ್ಟು ತಿಳಿಸಿ: ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಬದಲು ನನ್ನ ಸ್ಟೇಟಸ್‌ನಲ್ಲಿ ಮಾತ್ರ ಬೆಲೆ ಸಮೇತ ಚಿತ್ರ ಹಾಕಿ, ಬೇಕಾದವರೇ ಕೇಳಲಿ ಎಂದು ಕಾದರೆ ವ್ಯಾಪಾರ ನಡೆಯುತ್ತದೆಯೇ? ಒಮ್ಮೆ ಬೇಡವೆಂದವರನ್ನು ದೀಪಾವಳಿಯಂಥ ಹಬ್ಬದ ಸಮಯದಲ್ಲಿ ಮತ್ತೆ ಕೇಳುವುದು ಸರಿಯೇ? ಹಳೆಯ ಗ್ರಾಹಕರಿಂದ ಇತರರಿಗೆ ಹೇಳಿಸುವುದಾದರೆ, ಅವರಿಗೂ ಮುಜುಗರವಾಗದಂತೆ ಹೇಗೆ ಕೇಳಿಕೊಳ್ಳಬೇಕು?