ಸಹಾಯ ಬೇಕು: ಮನೆಯಿಂದಲೇ ಮಾಡುವ ಪಾರ್ಟ್ ಟೈಮ್ ಕೆಲಸ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಓದಿದ್ದೇನೆ, ಮದುವೆಗೆ ಮುಂಚೆ ಇಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಎಂಟ್ರಿ ಮಾಡುತ್ತಿದ್ದೆ. ಮಗಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದವರೆಗೆ ಬಿಡುವು ಇರುತ್ತದೆ, ಆದರೆ ಅತ್ತೆಗೆ ಹುಷಾರಿಲ್ಲ, ಅವರೊಬ್ಬರನ್ನೇ ಬಿಟ್ಟು ದಿನಾ ಹೊರಗೆ ಹೋಗುವುದಕ್ಕೆ ಆಗುವುದಿಲ್ಲ. ಔಷಧಿ, ಶಾಲೆ ಫೀಸು ಎಲ್ಲ ಸೇರಿ ಯಜಮಾನರ ಸಂಬಳವೊಂದೇ ಸಾಲುತ್ತಿಲ್ಲ.

ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಕೊನೆ ದಿನ ಅಲ್ವಾ, ಅದರ ಹಿಂದಿನ ವಾರ ಆಡಿಟರ್ ಆಫೀಸುಗಳಲ್ಲಿ ಬಿಲ್ಲುಗಳ ರಾಶಿ ಬಿದ್ದಿರುತ್ತದೆ, ಆ ದಿನಗಳಿಗೆ ಮಾತ್ರ ಎಂಟ್ರಿ ಕೆಲಸ ಕೊಟ್ಟರೂ ನನಗೆ ದೊಡ್ಡ ಉಪಕಾರ. ಸ್ವಂತ ಲ್ಯಾಪ್‌ಟಾಪ್ ಇದೆ. ಬಿಲ್ಲುಗಳ ಫೋಟೋ ಕಳಿಸಿದರೆ ಸಾಕು.

ಕನ್ನಡ ಟೈಪಿಂಗ್ ಕೂಡ ಚೆನ್ನಾಗಿ ಬರುತ್ತದೆ. ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರಗಳು ಕೆಡುತ್ತವಲ್ಲ, ಅವನ್ನು ಕೂತು ಒಂದೊಂದಾಗಿ ತಿದ್ದಿಕೊಡುತ್ತೇನೆ. ಇಂಥ ಕೆಲಸಕ್ಕೆ ಪುಟಕ್ಕೆ ಎಷ್ಟು ಕೇಳಬೇಕು? ಪ್ರೆಸ್ಸಿನವರು, ಪ್ರಕಾಶಕರು ಗೊತ್ತಿದ್ದವರು ದಯವಿಟ್ಟು ಹೇಳಿ.

ಒಂದು ವಿನಂತಿ. ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ, ವಿಡಿಯೋ ಲೈಕ್ ಮಾಡಿದರೆ ದುಡ್ಡು ಅನ್ನುವ ಲಿಂಕುಗಳನ್ನು ಇಲ್ಲಿ ಹಾಕಬೇಡಿ. ಕೆಲಸ ಕೊಡುವವರು ನಮ್ಮಿಂದ ದುಡ್ಡು ಯಾಕೆ ಕೇಳಬೇಕು? ಈಗಾಗಲೇ ಯಾರಾದರೂ ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಒಂದು ದಿನದ ಎಂಟ್ರಿಯನ್ನು ಸ್ಯಾಂಪಲ್ ಆಗಿ ಮಾಡಿ ತೋರಿಸಲು ಸಿದ್ಧಳಿದ್ದೇನೆ. ಕೆಲಸ ಇದ್ದವರು ಇನ್‌ಬಾಕ್ಸ್‌ಗೆ ಬನ್ನಿ.