‘ನಮ್ಮ ಮನೆಮಂದಿ’ ಗುಂಪಿನಲ್ಲಿ ಕುರಿ ಯಾರು?

ವಿಜಯನಗರದ ಚಿಕ್ಕಪ್ಪ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಪ್ರಯೋಗದಲ್ಲಿ ಸಾಬೀತು! ಸುತ್ತಲಿನವರು ತಪ್ಪು ಹೇಳಿದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಮನುಷ್ಯ ಕುರಿ! ನಿಮ್ಮ ಮಕ್ಕಳು ಕಾಲೇಜಿನಲ್ಲಿ ಯಾರ ಜೊತೆ ಸೇರುತ್ತಾರೆ, ಗಮನಿಸಿ. ಎಲ್ಲರಿಗೂ ಹಂಚಿ.

ವಿಜಯನಗರದ ಚಿಕ್ಕಪ್ಪ: ನಾನು ಬಡಕೊಂಡದ್ದು ಇದನ್ನೇ. ಹಾಸ್ಟೆಲ್ ಸೇರಿದ ಮೇಲೆ ನಮ್ಮ ಮಗಳ ರಾಜಕೀಯವೇ ಬೇರೆಯಾಗಿದೆ.

ಬಸವನಗುಡಿ ದೊಡ್ಡಪ್ಪ: ಹುಟ್ಟುಗುಣ ಸುಟ್ಟರೂ ಹೋಗದು. ಸಂಸ್ಕಾರ ಗಟ್ಟಿಯಿದ್ದವರನ್ನು ಯಾವ ಗುಂಪೂ ಅಲ್ಲಾಡಿಸಲಾರದು. 1977ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. ಬೆಂಗಳೂರು ದಕ್ಷಿಣದಲ್ಲಿ ನಾವು ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರನ್ನು ಗೆಲ್ಲಿಸಿದೆವು. ನ್ಯಾಯಮೂರ್ತಿ ಸ್ಥಾನವನ್ನೇ ಬಿಟ್ಟು ಬಂದ ಮನುಷ್ಯ. ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಯಲಹಂಕದ ಅಣ್ಣ: ಆಗೆಲ್ಲ ತಾತ ವಿದ್ಯಾರ್ಥಿ ಭವನದಿಂದ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದರಂತೆ! ಹಳೆಯ ಮನೆಯ ಸಂಪಿಗೆ ಮರದ ಫೋಟೋ ಯಾರ ಬಳಿಯಾದರೂ ಇದೆಯೇ?

ನಾನು: ಅಣ್ಣ, ಫೋಟೋ ಆಮೇಲೆ. ಚಿಕ್ಕಪ್ಪ, ಇದರ ಮೂಲ ಯಾವುದು? ಆಶ್ ಪ್ರಯೋಗ ನಿಜ, 1950ರ ದಶಕದ್ದು. ಗೆರೆಗಳ ಉದ್ದವನ್ನು ಹೋಲಿಸಿ ಹೇಳಬೇಕಿತ್ತು. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುವವರು. 123 ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಮ್ಮೆಯಾದರೂ ಗುಂಪಿಗೆ ಮಣಿದದ್ದು ಹೌದು. ಉಳಿದ ಕಾಲು ಪಾಲು ಒಮ್ಮೆಯೂ ಮಣಿಯಲಿಲ್ಲ. ಗುಂಪು ತಪ್ಪು ಹೇಳಿದ ಸುತ್ತುಗಳಲ್ಲೂ ಸುಮಾರು ಮೂರನೇ ಎರಡು ಭಾಗದಷ್ಟು ಉತ್ತರಗಳು ಸರಿಯಾಗಿದ್ದವು. ‘ಎಲ್ಲರೂ’ ಎಂಬುದು ಎಲ್ಲಿಂದ ಬಂತು?

ವಿಜಯನಗರದ ಚಿಕ್ಕಪ್ಪ: ನಿನಗೆ ಎಲ್ಲಕ್ಕೂ ಮೂಲ ಬೇಕು. ನಿನ್ನ ಮದುವೆಯ ಛತ್ರದ ಖರ್ಚಿಗೂ ರಸೀದಿ ಕೇಳಿದವಳು ನೀನು.

ಮಲ್ಲೇಶ್ವರದ ಅತ್ತೆ: ರಸೀದಿ ಕೇಳಿದ್ದು ನಾನು. ಇವತ್ತಿಗೂ ಕೊಟ್ಟಿಲ್ಲ.

ಯಲಹಂಕದ ಅಣ್ಣ: ಆ ಮದುವೆಯ ಹೋಳಿಗೆ ಮಾತ್ರ ಮರೆಯುವ ಹಾಗಿರಲಿಲ್ಲ.

ನಾನು: ದೊಡ್ಡಪ್ಪ, ಗೌರವವಿಟ್ಟುಕೊಂಡೇ ಕೇಳುತ್ತೇನೆ. 1977ರಲ್ಲಿ ನಿಮ್ಮ ಬೀದಿಯಲ್ಲಿ ಕಾಂಗ್ರೆಸ್ಸಿನ ಪರ ಬಾಯಿಬಿಟ್ಟು ಮಾತನಾಡಿದವರು ಎಷ್ಟು ಮಂದಿ? ನೀವು ರಾಜ್ಯದ ಜೊತೆ ಹೋಗಲಿಲ್ಲ, ಬೀದಿಯ ಜೊತೆ ಹೋದಿರಿ. ಚಿಕ್ಕಪ್ಪನ ಮಗಳು ಹಾಸ್ಟೆಲಿನ ಜೊತೆ ಹೋದಳು. ಒಂದಕ್ಕೆ ಸಂಸ್ಕಾರ, ಇನ್ನೊಂದಕ್ಕೆ ಕುರಿತನ ಎಂದು ಹೇಗೆ ಹೆಸರಿಡುತ್ತೀರಿ?

ನಾನು: ಸ್ವಭಾವಕ್ಕೂ ಪಾಲಿದೆ, ಒಪ್ಪುತ್ತೇನೆ. ಅಮೆರಿಕ, ಯುರೋಪಿನ ಅಧ್ಯಯನಗಳಲ್ಲಿ ಹೊಸದಕ್ಕೆ ಮನಸ್ಸು ತೆರೆದವರು ಉದಾರವಾದಿಗಳ ಕಡೆಗೂ, ಅಚ್ಚುಕಟ್ಟು ಬಯಸುವವರು ಸಂಪ್ರದಾಯವಾದಿಗಳ ಕಡೆಗೂ ವಾಲುವುದು ಕಂಡಿದೆ. ಆದರೆ ಆ ನಂಟು ತೆಳುವಾದದ್ದು. ಸ್ವಭಾವ ನೋಡಿ ಒಬ್ಬರ ಮತ ಹೇಳಲಾಗದು.

ಬಸವನಗುಡಿ ದೊಡ್ಡಪ್ಪ: ಬೀದಿ ಎಂದು ಸುಲಭವಾಗಿ ಹೇಳಿಬಿಟ್ಟೆ. ತುರ್ತು ಪರಿಸ್ಥಿತಿಯ 21 ತಿಂಗಳು ಪಕ್ಕದ ಮನೆಯವರ ಎದುರೂ ಬಾಯಿ ಬಿಡಲಾಗದೆ ಇದ್ದೆವು. ಬೀದಿಯ ಮನಸ್ಸು ಯಾರಿಗೆ ಗೊತ್ತಿತ್ತು? ಮತಗಟ್ಟೆಯ ಮರೆಯಲ್ಲಿ ನಿಂತಾಗ ನಾನು ಒಬ್ಬನೇ.

ನಾನು: ಈ ಮಾತಿಗೆ ನಮಸ್ಕಾರ, ದೊಡ್ಡಪ್ಪ. ಆಶ್ ಕಂಡದ್ದೂ ಇದನ್ನೇ. ಉತ್ತರವನ್ನು ಎಲ್ಲರೆದುರು ಹೇಳುವ ಬದಲು ಗುಟ್ಟಾಗಿ ಬರೆಯಲು ಬಿಟ್ಟರೆ ಮಣಿಯುವುದು ಬಹಳ ಕಡಿಮೆಯಾಯಿತು. ಇನ್ನೊಂದು ಸಂಗತಿ ಆ ಫಾರ್ವರ್ಡಿನಲ್ಲಿ ಇಲ್ಲವೇ ಇಲ್ಲ: ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಸಾಕು, ಗುಂಪಿನ ಹಿಡಿತ ಸಡಿಲವಾಗುತ್ತಿತ್ತು.

ಮಲ್ಲೇಶ್ವರದ ಅತ್ತೆ: ಹಾಗಾದರೆ ನಾನೂ ಕೇಳುತ್ತೇನೆ. 2023ರ ಚುನಾವಣೆಯ ಹೊತ್ತಿಗೆ ನನ್ನ ಮಗ ಇಲ್ಲಿ ತನ್ನ ಅನಿಸಿಕೆ ಬರೆದ. ಎಲ್ಲರೂ ಮುಗಿಬಿದ್ದಿರಿ. ಅವನು ಗುಂಪು ಬಿಟ್ಟ. ಅವನ ಪರವಾಗಿ ಆ ಒಬ್ಬರು ಯಾರಾದರೂ ಇದ್ದರೇ?

ಯಲಹಂಕದ ಅಣ್ಣ: ಅತ್ತೆ, ನಾನು ಆವತ್ತೇ ಅವನಿಗೆ ಫೋನ್ ಮಾಡಿ ‘ನೀನು ಹೇಳಿದ್ದು ಸರಿ’ ಎಂದಿದ್ದೆ.

ಮಲ್ಲೇಶ್ವರದ ಅತ್ತೆ: ಫೋನಿನಲ್ಲಿ ಹೇಳಿದೆ. ಇಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿದ್ದು ಅವನನ್ನು ಬೈದವರ ಸಂದೇಶಕ್ಕೆ.

ವಿಜಯನಗರದ ಚಿಕ್ಕಪ್ಪ: ಹಳೆಯದನ್ನು ಕೆದಕಬೇಡ ಅಕ್ಕ. ವಿಷಯ ಹಾಸ್ಟೆಲಿನದು. ಕಾಲೇಜು ಮಕ್ಕಳನ್ನು ಬದಲಿಸುತ್ತದೋ ಇಲ್ಲವೋ?

ನಾನು: ಬದಲಿಸುತ್ತದೆ, ಚಿಕ್ಕಪ್ಪ. ಅಮೆರಿಕದ ಬೆನ್ನಿಂಗ್ಟನ್ ಮಹಿಳಾ ಕಾಲೇಜಿನಲ್ಲಿ 1936ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮನೋವಿಜ್ಞಾನಿ ಥಿಯೋಡರ್ ನ್ಯೂಕಂ ವಿದ್ಯಾರ್ಥಿನಿಯರ ಒಲವನ್ನು ದಾಖಲಿಸಿದರು. ಹೆಚ್ಚಿನವರು ರಿಪಬ್ಲಿಕನ್ ಮನೆಗಳಿಂದ ಬಂದವರು. ಮೊದಲ ವರ್ಷದವರಲ್ಲಿ ಶೇ 62 ಮಂದಿ ಆ ಪಕ್ಷದ ಲ್ಯಾಂಡನ್ ಪರ. ಕೊನೆಯ ಎರಡು ವರ್ಷದವರಲ್ಲಿ ಶೇ 15 ಮಾತ್ರ. ಆದರೆ ಅವರನ್ನು ಕುರಿ ಎನ್ನುವಂತಿಲ್ಲ. ಸುಮಾರು 25 ವರ್ಷಗಳ ನಂತರವೂ ಬಹುತೇಕರು ಅದೇ ನಿಲುವಿನಲ್ಲಿದ್ದರು, ಅದಕ್ಕೆ ಹೊಂದುವ ಗಂಡಂದಿರು, ಗೆಳತಿಯರು ಜೊತೆಗಿದ್ದರು. ನಿಮ್ಮ ಮಗಳು ಏಕೆ ಹಾಗೆ ಯೋಚಿಸುತ್ತಾಳೆ ಎಂದು ಅವಳನ್ನೇ ಕೇಳಿದ್ದೀರಾ?

ವಿಜಯನಗರದ ಚಿಕ್ಕಪ್ಪ: ಅವಳು ಫೋನ್ ಎತ್ತುವುದಿಲ್ಲ.

ಬಸವನಗುಡಿ ದೊಡ್ಡಪ್ಪ: ಗುಂಪಿನ ಅಡ್ಮಿನ್ ನಾನು. ಹುಡುಗನನ್ನು ಮತ್ತೆ ಸೇರಿಸುತ್ತೇನೆ. ಹಿರಿಯರ ಎದುರು ಮಾತಿನಲ್ಲಿ ಹಿಡಿತವಿರಲಿ ಎಂದು ಹೇಳಿಬಿಡು.

ಮಲ್ಲೇಶ್ವರದ ಅತ್ತೆ: ನೀನೇ ಫೋನ್ ಮಾಡಿ ಕರೆ, ದೊಡ್ಡಣ್ಣ. ಷರತ್ತು ಬೇಡ.

ಯಲಹಂಕದ ಅಣ್ಣ: ಆವತ್ತು ಅವನು ಹೇಳಿದ್ದು ಸರಿಯಾಗಿತ್ತು. ಇಲ್ಲೇ ಬರೆಯುತ್ತಿದ್ದೇನೆ.